ಇದ್ದಿಲ ಡಬ್ಬಿಯ ಮೇಲೇಕೆ ಕೋಪ?

ಕಾರು ಕೊಂಡ ಮೇಲೆ ಅದಕ್ಕೆ ಏನಾದರೂ ಹೊಸದು ಹಾಕಿಸುವುದು ಒಂದು ಚಾಳಿ. ಇದ್ದದ್ದನ್ನು ಕೀಳಿಸುವುದು ಇನ್ನೊಂದು ಚಾಳಿ, ಇದರ ಹಿಂದೆ ಒಂದು ಸಿದ್ಧಾಂತವೇ ಇದೆ. ಹೊಗೆಯ ವಿಷ ತಗ್ಗಿಸಲೆಂದು ಕಂಪನಿಯವರು ಕೂರಿಸಿದ ವಾಲ್ವು, ಪೈಪು, ಡಬ್ಬಿಗಳೆಲ್ಲ ಸರ್ಕಾರದ ಒತ್ತಾಯಕ್ಕೆ ಬಂದವು, ಎಂಜಿನ್ನಿಗೆ ಅವು ಬೇಕಿಲ್ಲ, ಬಿಚ್ಚಿ ಎಸೆದರೆ ಗಾಡಿ ಸಲೀಸಾಗಿ ಉಸಿರಾಡುತ್ತದೆ ಎಂಬುದು ಆ ಸಿದ್ಧಾಂತ. 1970ರ ದಶಕದ ಅಮೆರಿಕದಲ್ಲಿ ಬಲಿತ ಈ ನಂಬಿಕೆ ಇವತ್ತು ಬೆಂಗಳೂರಿನ ಗ್ಯಾರೇಜುಗಳಲ್ಲೂ ಅಷ್ಟೇ ಧೈರ್ಯದಿಂದ ಕೇಳಿಬರುತ್ತದೆ: "ಅದೆಲ್ಲ ಏನೂ ಬೇಕಾಗಿಲ್ಲ ಸಾರ್, ಬರೀ ಎಮಿಷನ್‌ಗೆ ಅಂತ ಕೊಟ್ಟಿರೋದು. ತೆಗೆದ್ಬಿಟ್ಟು ಆಮೇಲೆ ಪಿಕಪ್ ನೋಡಿ."

ಇದು ಕಾನೂನಿಗೆ ವಿರುದ್ಧ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಆದರೆ ಮಾಡುವವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೇ ಮಾಡುತ್ತಾರೆ. ಈ ರೂಢಿ ತನ್ನ ಗಿರಾಕಿಗೆ ಕೊಡುವ ಭರವಸೆಗಳಿವೆಯಲ್ಲ, ಪಿಕಪ್ಪು, ಮೈಲೇಜು, ಸರಳತೆ, ಎಂಜಿನ್ನಿನ ಆಯುಷ್ಯ, ಅವನ್ನೇ ಅಳತೆಗೋಲು ಮಾಡಿಕೊಂಡು ಇದನ್ನು ಅಳೆಯುವುದು ಹೆಚ್ಚು ನ್ಯಾಯ. ಹಾಗೆ ಅಳೆದರೆ ಒಂದೊಂದು ಸಾಮಾನಿಗೂ ಒಂದೊಂದು ಉತ್ತರ ಸಿಗುತ್ತದೆ. ಎಲ್ಲವನ್ನೂ ಒಂದೇ ಗಂಟು ಕಟ್ಟುವುದೇ ಈ ರೂಢಿಯ ದೊಡ್ಡ ದೋಷ. ಅದು ಎಲ್ಲಕ್ಕಿಂತ ಢಾಳಾಗಿ ಕಾಣುವುದು ಪೆಟ್ರೋಲ್ ಟ್ಯಾಂಕಿನ ಆವಿಯ ಪೈಪನ್ನು ಬಯಲಿಗೆ ಬಿಡುವ ಕೆಲಸದಲ್ಲಿ.

ಈ ಸಾಮಾನುಗಳ ಹುಟ್ಟು ಲಾಸ್ ಏಂಜಲೀಸ್ ನಗರದ್ದು. 1940ರ ದಶಕದಲ್ಲಿ ಅಲ್ಲಿ ಕಣ್ಣುರಿಸುವ ಕಂದು ಮಬ್ಬು ಕವಿಯತೊಡಗಿದಾಗ ಜನರ ಅನುಮಾನ ಹೋದದ್ದು ಕಾರ್ಖಾನೆಗಳ ಮೇಲೆ. ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳದ ರಸಾಯನವನ್ನು ಬಿಡಿಸುತ್ತಿದ್ದ ಡಚ್ ಮೂಲದ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಬೇರೆಯೇ ಕಾರಣ ತೋರಿಸಿದರು. ಉರಿಯದ ಪೆಟ್ರೋಲಿನ ಆವಿಯೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿಗೆ ಸಿಕ್ಕಿ ಓಜೋನ್ ಹುಟ್ಟಿಸುತ್ತವೆ, ಕಣ್ಣುರಿಗೂ ರಬ್ಬರು ಬಿರಿಯುವುದಕ್ಕೂ ಮೂಲ ಈ ಕ್ರಿಯೆಯೇ ಎಂದರು. ಈ ಆವಿ ಸೈಲೆನ್ಸರಿನಿಂದಲೇ ಬರಬೇಕೆಂದಿಲ್ಲ, ನಿಂತ ಕಾರಿನ ಟ್ಯಾಂಕಿನಿಂದ ಬಂದರೂ ಪರಿಣಾಮ ಒಂದೇ. ಯಾವ ಕಡಿವಾಣವೂ ಇಲ್ಲದ ಆ ಕಾಲದ ಕಾರು ಹೊರಬಿಡುತ್ತಿದ್ದ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದರಲ್ಲೊಂದು ಪಾಲು ಟ್ಯಾಂಕು ಮತ್ತು ಕಾರ್ಬ್ಯುರೇಟರಿನಿಂದ ಆರಿಹೋದದ್ದು, ಹೆಚ್ಚುಕಡಿಮೆ ಅಷ್ಟೇ ಪಾಲು ಕ್ರ್ಯಾಂಕ್‌ಕೇಸಿನಿಂದ ಬಂದದ್ದು.

ಕ್ರ್ಯಾಂಕ್‌ಕೇಸಿನ ಹೊಗೆಯನ್ನು ಮರಳಿ ಎಂಜಿನ್ನಿಗೇ ಎಳೆದುಕೊಳ್ಳುವ ಪಿಸಿವಿ ವಾಲ್ವ್ ಕ್ಯಾಲಿಫೋರ್ನಿಯಾದಲ್ಲಿ ಮಾರಿದ 1961ರ ಮಾದರಿಗಳಲ್ಲಿ ಬಂತು. ಟ್ಯಾಂಕಿನ ಆವಿ ಹಿಡಿಯುವ ಏರ್ಪಾಡು 1970ರಲ್ಲಿ ಆ ರಾಜ್ಯಕ್ಕೂ 1971ರಲ್ಲಿ ಇಡೀ ದೇಶಕ್ಕೂ ಕಡ್ಡಾಯವಾಯಿತು. ಆಮೇಲೆ ಹೊಗೆಯ ಒಂದಂಶವನ್ನು ಮತ್ತೆ ಸಿಲಿಂಡರಿಗೆ ಕಳಿಸುವ ಇಜಿಆರ್ ವಾಲ್ವ್, 1975ರ ಮಾದರಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್. ಆಯುಷ್ಯದ ಭರವಸೆ ಮುರಿಯಲು ಇವುಗಳಲ್ಲಿ ಮೊದಲನೆಯದೊಂದೇ ಸಾಕು. ಪಿಸಿವಿ ಬರುವ ಮುಂಚೆ ಎಂಜಿನ್ನಿನ ಒಳಹೊಗೆ ಒಂದು ಕೊಳವೆಯಲ್ಲಿ ಕೆಳಗಿಳಿದು ರಸ್ತೆಗೆ ಎಣ್ಣೆ ತೊಟ್ಟಿಕ್ಕಿಸುತ್ತ ಹೋಗುತ್ತಿತ್ತು, ನಿಧಾನವಾಗಿ ಓಡಿಸುವವರ ಎಂಜಿನ್ನಿನೊಳಗೆ ಕೆಸರು ಕಟ್ಟುತ್ತಿತ್ತು. ವಾಲ್ವ್ ಬಂದ ಮೇಲೆ ಆಯಿಲ್ ಹೆಚ್ಚು ಕಾಲ ಚೊಕ್ಕವಾಗಿ ಉಳಿಯಿತು. ಹೊಗೆಗೆಂದು ಹಾಕಿದ ಮೊದಲ ಸಾಮಾನು ಎಂಜಿನ್ನಿಗೇ ಉಪಕಾರ ಮಾಡಿತು. ಅದನ್ನೂ ಕಿತ್ತು ಅಲ್ಲಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಹೆಮ್ಮೆಪಡುವವರು ಇಂದಿಗೂ ಇದ್ದಾರೆ.

ಹಾಗೆಂದು ಅಂದಿನ ಅಮೆರಿಕದ ಮಾಲೀಕರ ಸಿಟ್ಟು ಸುಳ್ಳಾಗಿರಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ. ಎಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ಭಾರ ಹೊತ್ತಿದೆ ಎಂಬುದನ್ನೆಲ್ಲ ತೆಳು ರಬ್ಬರ್ ಪೈಪುಗಳಲ್ಲಿನ ನಿರ್ವಾತದಿಂದ ಅಂದಾಜು ಮಾಡಬೇಕಿತ್ತು. ಬಾನೆಟ್ಟಿನ ಒಳಗಡೆ ಆ ಪೈಪುಗಳ ನಕ್ಷೆಯ ಚೀಟಿಯನ್ನೇ ಅಂಟಿಸಿರುತ್ತಿದ್ದರು. ಒಂದು ಪೈಪು ಬಿರಿದರೆ ಗಾಡಿ ಕೆಮ್ಮುತ್ತಿತ್ತು. ಪೆಟ್ರೋಲ್ ಮಿಶ್ರಣವನ್ನು ತೀರ ತೆಳುವಾಗಿಸಿ, ಕಿಡಿಯ ಹೊತ್ತನ್ನು ಹಿಂದೂಡಿ ಕಂಪನಿಗಳು ಹೇಗೋ ಪರೀಕ್ಷೆ ದಾಟಿಸಿದ ಎಂಜಿನ್ನುಗಳು ಬೆಳಗ್ಗೆ ಸ್ಟಾರ್ಟ್ ಆಗುತ್ತಿರಲಿಲ್ಲ, ಸಂಜೆ ಕೀಲಿ ತೆಗೆದರೂ ನಿಲ್ಲದೆ ಗುಡುಗುಡು ಎನ್ನುತ್ತಿದ್ದವು. 1975ರ ಮೂಲ ಮಾದರಿಯ ಷೆವರ್ಲೆ ಕಾರ್ವೆಟ್ಟಿನ 5.7 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಕೊಡುತ್ತಿದ್ದದ್ದು 165 ಅಶ್ವಶಕ್ತಿ. ಅದಕ್ಕೆ ದುಡ್ಡು ಸುರಿದವನು ಸ್ಪ್ಯಾನರ್ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಸಿಟ್ಟು ಹಿಡಿದ ಆರೋಪಿ ಯಾರು? ಇಲ್ಲಿ ಒಂದು ಸ್ವಾರಸ್ಯವಿದೆ. ಕಾರ್ವೆಟ್ಟಿನ ಎಲ್‌ಟಿ-1 ಎಂಜಿನ್ನಿಗೆ 1971ರಲ್ಲಿ ಕಂಪನಿ ಬರೆದ ಶಕ್ತಿ 330, 1972ರಲ್ಲಿ 255. ಒಂದೇ ವರ್ಷಕ್ಕೆ 75 ಕುದುರೆ ಮಾಯ! ಎಂಜಿನ್ ಬಹುಮಟ್ಟಿಗೆ ಅದೇ. ಬದಲಾದದ್ದು ಅಳೆಯುವ ಕ್ರಮ. ಅದಕ್ಕೂ ಮೊದಲು ಬರಿಯ ಎಂಜಿನ್ನನ್ನು ಸ್ಟ್ಯಾಂಡಿಗೆ ಕಟ್ಟಿ, ಏರ್ ಫಿಲ್ಟರ್, ಆಲ್ಟರ್ನೇಟರ್, ಸೈಲೆನ್ಸರ್ ಯಾವುದೂ ಇಲ್ಲದೆ ಅಳೆಯುತ್ತಿದ್ದರು. 1972ರಿಂದ ಕಾರಿನಲ್ಲಿ ಇರುವಂತೆಯೇ ಎಲ್ಲ ಜೋಡಿಸಿ ಅಳೆದ ಸಂಖ್ಯೆ ಅಚ್ಚಾಯಿತು. ನಿಜವಾಗಿ ಶಕ್ತಿ ಕುಗ್ಗಿದ್ದು ಅದಕ್ಕೆ ಒಂದು ವರ್ಷ ಮೊದಲು, ಸೀಸ ಕಡಿಮೆಯ ಪೆಟ್ರೋಲಿಗೆ ಹೊಂದಲೆಂದು ಜನರಲ್ ಮೋಟಾರ್ಸ್ ಕಂಪ್ರೆಷನ್ ಅನುಪಾತವನ್ನು 11ರಿಂದ 9ಕ್ಕೆ ಇಳಿಸಿದಾಗ. ಕಂಪ್ರೆಷನ್ ಪಿಸ್ಟನ್ನಿನ ಮೇಲುಗಡೆ ಅಡಗಿರುವ ಸಂಗತಿ, ಬಾನೆಟ್ ಎತ್ತಿದರೆ ಕಾಣುವುದಿಲ್ಲ. ಕಾಣುತ್ತಿದ್ದದ್ದು ಹೊಗೆಯ ವಿಷ ತಗ್ಗಿಸಲೆಂದು ಬೆಲ್ಟಿಗೆ ಸಿಕ್ಕಿಸಿದ ಗಾಳಿ ಪಂಪು. ಅದು ತಿನ್ನುವುದು ಕೆಲವೇ ಅಶ್ವಶಕ್ತಿ, ಶಿಕ್ಷೆ ಮಾತ್ರ ಪೂರ್ತಿ ಅದಕ್ಕೇ. ಈ ರೂಢಿಯ ಮೊದಲ ಪುಟದಲ್ಲೇ ಇಂಥ ತಪ್ಪು ಲೆಕ್ಕವಿದೆ. ಕಣ್ಣಿಗೆ ಬಿದ್ದದ್ದನ್ನು ಕಾರಣವೆಂದು ಹಿಡಿಯುವ ಗುಣ ಅದನ್ನು ಕೊನೆಯವರೆಗೂ ಬಿಟ್ಟಿಲ್ಲ.

ಇಜಿಆರ್ ನೋಡಿ. ಉರಿದುಹೋದ ಹೊಗೆಗೆ ಮತ್ತೆ ಉರಿಯುವ ತಾಕತ್ತಿಲ್ಲ. ಅದನ್ನು ಸ್ವಲ್ಪ ಬೆರೆಸಿದರೆ ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಹುಟ್ಟುವುದು ಕಡಿಮೆಯಾಗುತ್ತದೆ. ಹೊಗೆ ಕುಡಿಸಿದರೆ ಎಂಜಿನ್ ಸೊರಗದೇ ಇರುತ್ತದೆಯೇ ಎಂಬ ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ. ಆದರೆ ಕಾರ್ಬ್ಯುರೇಟರ್ ಕಾಲದ ಇಜಿಆರ್ ತೆರೆಯುತ್ತಿದ್ದದ್ದು ಅರ್ಧ ಆಕ್ಸಿಲರೇಟರಿನ ಸಾವಧಾನದ ಓಟದಲ್ಲಿ ಮಾತ್ರ. ಪೂರ್ತಿ ಒತ್ತಿದ ಕ್ಷಣ ನಿರ್ವಾತ ಇಲ್ಲವಾಗಿ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅಂದಮೇಲೆ ಕಿತ್ತುಹಾಕಿ ಸಿಕ್ಕಿದ ಶಕ್ತಿ ಯಾವ ಲೆಕ್ಕದ್ದು? ಅಷ್ಟೇ ಅಲ್ಲ, ಡಿಸ್ಟ್ರಿಬ್ಯೂಟರಿನ ಟೈಮಿಂಗನ್ನು ಇಜಿಆರ್ ಇದೆ ಎಂದು ನಂಬಿಯೇ ಹೊಂದಿಸಿರುತ್ತಿದ್ದರು. ವಾಲ್ವನ್ನು ಮುಚ್ಚಿ ಟೈಮಿಂಗನ್ನು ಹಾಗೇ ಬಿಟ್ಟರೆ ಏರು ರಸ್ತೆಯಲ್ಲಿ ಎಂಜಿನ್ ಟಣಟಣ ಬಡಿಯತೊಡಗುತ್ತದೆ. ಆ ನಾಕಿಂಗ್ ಪಿಸ್ಟನ್ನಿಗೆ ಒಳ್ಳೆಯದಲ್ಲ ಎಂಬುದು ಕಲಿಯಲು ಬಂದ ಹುಡುಗನಿಗೂ ಗೊತ್ತು.

ಡೀಸೆಲ್ ಇಜಿಆರ್ ಮಾತು ಬೇರೆ. ಅಲ್ಲಿ ಮಸಿಯೂ ಕ್ರ್ಯಾಂಕ್‌ಕೇಸಿನ ಎಣ್ಣೆಯ ಹನಿಯೂ ಸೇರಿ ಮ್ಯಾನಿಫೋಲ್ಡಿನೊಳಗೆ ಡಾಂಬರಿನಂಥ ಪದರ ಕಟ್ಟುವುದು ನಿಜ. ಬಿಚ್ಚಿ ತೋರಿಸಿದರೆ ಗಿರಾಕಿಗೆ ಹೇಸಿಗೆಯಾಗುತ್ತದೆ. ಆ ಹೇಸಿಗೆಯ ಗಳಿಗೆಯಲ್ಲೇ ತಗಡಿನ ಬಿಲ್ಲೆ ಹೊರಗೆ ಬರುವುದು. ಎರಡು ಬೋಲ್ಟಿನ ತೂತಿರುವ ಅದನ್ನು ಗ್ಯಾಸ್ಕೆಟ್ಟಿನ ಜಾಗಕ್ಕೆ ತೂರಿಸಿದರೆ ಹೊಗೆಯ ದಾರಿ ಬಂದ್. ತೊಳೆಸಿ ಮತ್ತೆ ಕೂರಿಸಲು ಅರ್ಧ ದಿನ ಬೇಕು, ಬಿಲ್ಲೆಗೆ ಅಷ್ಟು ಹೊತ್ತು ಬೇಡ. ಮಜೂರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಕ್ಯಾಟಲಿಟಿಕ್ ಕನ್ವರ್ಟರಿನ ಬಗ್ಗೆ ಉದ್ದದ ಮಾತು ಬೇಡ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಸಣ್ಣ ಸಣ್ಣ ರಂಧ್ರಗಳ ಇಟ್ಟಿಗೆ ಅದು. ಚೆನ್ನಾಗಿರುವ ಕ್ಯಾಟನ್ನು ತೆಗೆಸಿದವರಿಗೆ ಮುಖ್ಯವಾಗಿ ಸಿಗುವುದು ಸದ್ದು, ಸದ್ದು ಹೆಚ್ಚಿದ್ದನ್ನೇ ಕಿವಿ ಶಕ್ತಿಯೆಂದು ಒಪ್ಪಿಕೊಳ್ಳುತ್ತದೆ. ಕಟ್ಟಿಕೊಂಡ ಕ್ಯಾಟ್ ತೆಗೆದರೆ ಗಾಡಿ ನಿಜವಾಗಿಯೂ ಚುರುಕಾಗುತ್ತದೆ, ಒಪ್ಪೋಣ. ಆದರೆ ಅದು ಸುಮ್ಮನೆ ಕಟ್ಟಿಕೊಳ್ಳುವುದಿಲ್ಲ. ಮಿಸ್‌ಫೈರ್ ಆಗುವ ಪ್ಲಗ್ಗೋ ಆಯಿಲ್ ಕುಡಿಯುವ ಪಿಸ್ಟನ್ ರಿಂಗೋ ಹಿಂದೆ ಇದ್ದೇ ಇರುತ್ತದೆ. ರೋಗ ಒಳಗೆ ಉಳಿದು, ಅದನ್ನು ತೋರಿಸಿಕೊಟ್ಟ ಸಾಮಾನು ಗುಜರಿ ಸೇರುತ್ತದೆ.

ಇನ್ನು ಇದ್ದಿಲ ಡಬ್ಬಿ. ಕ್ಯಾನಿಸ್ಟರ್ ಎಂದರೆ ಒಂದು ಲೀಟರ್ ಆಸುಪಾಸಿನ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಮೂರು ಬಾಯಿ. ಒಂದು ಟ್ಯಾಂಕಿಗೆ, ಒಂದು ಎಂಜಿನ್ನಿನ ಇನ್‌ಟೇಕಿಗೆ, ಒಂದು ಹೊರಗಿನ ಗಾಳಿಗೆ. ಒಳಗೆ ಸಕ್ರಿಯಗೊಳಿಸಿದ ಇದ್ದಿಲ ಗುಳಿಗೆಗಳು. ಕೈಗೆ ಹಾಕಿಕೊಂಡರೆ ಗೊಬ್ಬರದ ಕಾಳಿನಷ್ಟೇ ದಪ್ಪ, ಆದರೆ ಒಂದು ಗ್ರಾಮಿನ ಸೂಕ್ಷ್ಮರಂಧ್ರಗಳ ಒಳಮೈ ಬಿಡಿಸಿ ಹರಡಿದರೆ ಸಾವಿರ ಚದರ ಮೀಟರಿಗೂ ಮೀರುತ್ತದೆ. ಪೆಟ್ರೋಲಿನ ಆವಿ ಅಂಟಿಕೊಂಡು ಕೂರುವುದು ಆ ಒಳಮೈಗೆ.

ಕಲಬುರಗಿಯ ಮೇ ತಿಂಗಳಲ್ಲಿ ಬೆಳಗಿನ ತಂಪಿಗೆ ನಿಲ್ಲಿಸಿದ ಕಾರನ್ನು ಊಹಿಸಿಕೊಳ್ಳಿ. ಟ್ಯಾಂಕಿನಲ್ಲಿ 40 ಲೀಟರ್ ಪೆಟ್ರೋಲ್. ಮಧ್ಯಾಹ್ನಕ್ಕೆ ಅದು 20 ಡಿಗ್ರಿ ಬಿಸಿಯೇರಿದರೆ ದ್ರವವೇ ಸುಮಾರು ಮುಕ್ಕಾಲು ಲೀಟರ್ ಹಿಗ್ಗುತ್ತದೆ, ಅದರ ಮೇಲಿನ ಆವಿ ಇನ್ನೂ ಜೋರಾಗಿ. ಹಿಗ್ಗಿದ್ದಕ್ಕೆ ಹೊರದಾರಿ ಬೇಕು. ಆವಿ ಡಬ್ಬಿಯ ಮೂಲಕ ಹಾಯುತ್ತದೆ, ಪೆಟ್ರೋಲ್ ಇದ್ದಿಲಿಗಂಟಿ ಉಳಿಯುತ್ತದೆ, ಬರಿಯ ಗಾಳಿ ಹೊರಗೆ ಹೋಗುತ್ತದೆ. ರಾತ್ರಿ ಟ್ಯಾಂಕು ತಣಿದು ಗಾಳಿ ಒಳಗೆಳೆದುಕೊಳ್ಳುವಾಗ ಅದೇ ಗಾಳಿ ಇದ್ದಿಲಿನಿಂದ ಒಂದಿಷ್ಟನ್ನು ಕಿತ್ತು ಟ್ಯಾಂಕಿಗೆ ಮರಳಿಸುತ್ತದೆ. ಮರುದಿನ ಗಾಡಿ ಓಡುವಾಗ ಪರ್ಜ್ ವಾಲ್ವ್ ತೆರೆದು ಉಳಿದದ್ದನ್ನು ಎಂಜಿನ್ ಹೀರಿ ಉರಿಸುತ್ತದೆ. ಬಿಸಿಯಾದ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಬಾನೆಟ್ ಎತ್ತಿ ಕಿವಿಗೊಟ್ಟರೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳುವುದುಂಟು, ಬಹಳ ಸಲ ಅದು ಈ ವಾಲ್ವಿನದು.

ಈಗ ರೂಢಿಯ ಭರವಸೆಗಳನ್ನು ಇದಕ್ಕೆ ಹಚ್ಚಿ ನೋಡಿ. ಪಿಕಪ್ಪಿಗೂ ಈ ಡಬ್ಬಿಗೂ ಸಂಬಂಧವೇ ಇಲ್ಲ, ಅದು ಹೊಗೆಯ ದಾರಿಯಲ್ಲೂ ಇಲ್ಲ, ಗಾಳಿಯ ದಾರಿಗೆ ಅಡ್ಡವಾಗಿಯೂ ಇಲ್ಲ. ಮೈಲೇಜು? ಗಾಳಿಪಾಲಾಗುವ ಪೆಟ್ರೋಲನ್ನು ಎಂಜಿನ್ನಿಗೆ ಒಪ್ಪಿಸುವ ಸಾಮಾನಿದು, ತೆಗೆದರೆ ನಷ್ಟವೇ, ಅಲ್ಪವಾದರೂ. ಆಯುಷ್ಯಕ್ಕೆ ತೊಂದರೆ ಕೊಡುವ ಬಿಸಿಯಿಲ್ಲ, ಮಸಿಯಿಲ್ಲ. ಉಳಿದದ್ದು ಸರಳತೆ ಒಂದೇ. ಎರಡು ಪೈಪು, ಒಂದು ವಾಲ್ವ್ ಕಡಿಮೆಯಾಗಿ ಎಂಜಿನ್ ಜಾಗ ಚೊಕ್ಕವಾಗಿ ಕಾಣುತ್ತದೆ. ಪ್ರದರ್ಶನಕ್ಕೆಂದು ಕ್ರೋಮ್ ಹೊಳೆಸುವವರಿಗೆ ಆ ಚೊಕ್ಕತನ ದೊಡ್ಡದಿರಬಹುದು. ಉಳಿದವರು ಯಾಕೆ ತೆಗೆಸುತ್ತಾರೆ?

ಅದರ ಉತ್ತರ ಪೆಟ್ರೋಲ್ ಬಂಕಿನಲ್ಲಿದೆ. ನಳಿಕೆ ಟಕ್ಕೆಂದು ತಾನೇ ನಿಲ್ಲುತ್ತದೆ. ಮೀಟರಿನಲ್ಲಿ ಎರಡು ಸಾವಿರದ ಮುನ್ನೂರ ಅರವತ್ತೋ ಎಪ್ಪತ್ತೋ. "ರೌಂಡ್ ಫಿಗರ್ ಮಾಡ್ಲಾ ಸಾರ್?" ಎಂದು ಹುಡುಗ ಕೇಳುತ್ತಾನೆ, ಹೂಂ ಎನ್ನುತ್ತೇವೆ. ಅವನು ನಳಿಕೆಯನ್ನು ತುಸು ಹೊರಗೆಳೆದು, ಚಿರ್ ಚಿರ್ ಎಂದು ಇಷ್ಟಿಷ್ಟೇ ಬಿಡುತ್ತ ಕತ್ತಿನವರೆಗೂ ತುಂಬಿಸುತ್ತಾನೆ. ಆವಿಗೆಂದು ಬಿಟ್ಟ ಖಾಲಿ ಜಾಗವೆಲ್ಲ ಭರ್ತಿ. ಆಮೇಲೆ ಬಿಸಿಲಿಗೆ ಹಿಗ್ಗಿದ ಪೆಟ್ರೋಲ್ ಆವಿಯ ಪೈಪಿನೊಳಗೆ ದ್ರವವಾಗಿಯೇ ಹರಿದು ಇದ್ದಿಲನ್ನು ತೋಯಿಸುತ್ತದೆ. ತೊಯ್ದ ಇದ್ದಿಲಿಗೆ ಹಿಡಿಯುವ ಶಕ್ತಿಯಿಲ್ಲ. ಎಂಜಿನ್ ಅಲ್ಲಿಂದ ಹೀರಿದಾಗಲೆಲ್ಲ ಲೆಕ್ಕಕ್ಕೆ ಸಿಗದ ಪೆಟ್ರೋಲ್ ಬಂದು ಮಿಶ್ರಣ ಕೆಡುತ್ತದೆ. ಬಂಕಿನಿಂದ ಹೊರಟ ಗಾಡಿ ಸಿಗ್ನಲ್ಲಿನಲ್ಲಿ ತಡವರಿಸುತ್ತದೆ, ಊಟಕ್ಕೆ ನಿಲ್ಲಿಸಿ ಬಂದರೆ ಬಿಸಿ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಹಿಂದಿನ ಸೀಟಿನವರಿಗೆ ವಾಸನೆ. ಗ್ಯಾರೇಜಿನಲ್ಲಿ ಡಬ್ಬಿ ಬಿಚ್ಚಿ ಕೈಗೆ ಕೊಡುತ್ತಾರೆ: ಭಾರವಾಗಿದೆ, ಅಲುಗಿಸಿದರೆ ಗುಳುಗುಳು ಎನ್ನುತ್ತದೆ. "ನೋಡಿ ಸಾರ್, ಇದೇ ಪ್ರಾಬ್ಲಂ." ತೆಗೆದ ಮೇಲೆ ಗಾಡಿ ಸರಿಹೋಗುವುದೂ ನಿಜ, ಹಾಗಾಗಿ ಮೆಕ್ಯಾನಿಕ್ಕಿನ ಮಾತಿಗೆ ಸಾಕ್ಷಿಯೂ ಸಿಕ್ಕಿತು. ನೆಗಡಿ ಬಂತೆಂದು ಮೂಗು ಕೊಯ್ದ ವೈದ್ಯ. ರೌಂಡ್ ಫಿಗರಿನ ಚಪಲ ಹಾಗೇ ಉಳಿಯಿತು. 2017ರಲ್ಲಿ ದೇಶಕ್ಕೆಲ್ಲ ಬಿಎಸ್ 4 ಬಂದ ಮೇಲೆ ಬೈಕುಗಳಿಗೂ ಪುಟ್ಟ ಕ್ಯಾನಿಸ್ಟರ್ ಬಂತು, ಜೊತೆಗೆ ಇದೇ ದೂರು, ಇದೇ ಪರಿಹಾರ.

ಡಬ್ಬಿ ಹೋದ ಮೇಲೆ ಟ್ಯಾಂಕಿನಿಂದ ಬಂದ ಪೈಪು ಕೈಯಲ್ಲಿ ಉಳಿಯುತ್ತದೆ. ಅದನ್ನೇನು ಮಾಡುವುದು? ಈ ರೂಢಿಯ ನಿಜವಾದ ಪರೀಕ್ಷೆ ಇದು, ಅದು ನಪಾಸಾಗುವುದೂ ಇಲ್ಲೇ. ಕೆಲವರು ಬೋಲ್ಟ್ ತುರುಕಿ ಕ್ಲಿಪ್ ಬಿಗಿದು ಪೈಪನ್ನು ಮುಚ್ಚುತ್ತಾರೆ. ಹಾಗೆ ಮುಚ್ಚಿದ ಮೇಲೆ, ಮುಚ್ಚಳವೂ ಗಾಳಿಯಾಡದ ಬಗೆಯದಾದರೆ, ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಬೆಳೆಯುತ್ತದೆ. ಅರ್ಧ ಗಂಟೆ ಓಡಿದ ಗಾಡಿ ಹೆದ್ದಾರಿಯಲ್ಲಿ ಜೀವ ಹೋದಂತೆ ನಿಲ್ಲುತ್ತದೆ. ಮುಚ್ಚಳ ತಿರುಗಿಸಿದರೆ ಸುಯ್ಯೆಂದು ಗಾಳಿ ಒಳನುಗ್ಗಿ ಮತ್ತೆ ಸ್ಟಾರ್ಟ್ ಆಗುತ್ತದೆ. ಬಿಸಿಲಲ್ಲಿ ನಿಂತಾಗ ಇದೇ ಆಟ ತಿರುವುಮುರುವು, ಒತ್ತಡದಲ್ಲಿರುವ ಟ್ಯಾಂಕಿನ ಮುಚ್ಚಳ ತೆರೆದವನ ಅಂಗಿಗೆ ಪೆಟ್ರೋಲ್ ಎರಚುತ್ತದೆ. ಇದರಿಂದ ಪಾಠ ಕಲಿತವರು ಮುಚ್ಚಳಕ್ಕೆ ಡ್ರಿಲ್ಲಿನಿಂದ ತೂತು ಹೊಡೆಯುತ್ತಾರೆ. ತುಂಬಿದ ಟ್ಯಾಂಕಿನೊಂದಿಗೆ ಘಾಟಿಯ ತಿರುವು ಇಳಿದರೆ ಬಾಡಿಯ ಮೇಲೆ ಕೆಳಮುಖವಾಗಿ ಪೆಟ್ರೋಲಿನ ಗೆರೆ ಮೂಡುತ್ತದೆ, ಸ್ವಲ್ಪ ದಿನಕ್ಕೆ ಬಣ್ಣ ಏಳುತ್ತದೆ.

ಹೆಚ್ಚು ತಿಳಿದವರೆನಿಸಿಕೊಂಡವರು ಪೈಪಿನ ತುದಿಗೆ ಬೈಕಿನ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ, ಕೇಬಲ್ ಟೈನಿಂದ ಚಾಸಿಗೆ ಕಟ್ಟಿ, ಗಾಳಿಗೆ ಬಿಡುತ್ತಾರೆ. ಫಿಲ್ಟರ್ ಧೂಳು ತಡೆಯುತ್ತದೆ, ಆವಿಯನ್ನಲ್ಲ. ಕಾರು ಮಗುಚಿದಾಗ ಪೆಟ್ರೋಲ್ ಹರಿಯದಂತೆ ಮುಚ್ಚಿಕೊಳ್ಳುವ ರೋಲ್‌ಓವರ್ ವಾಲ್ವ್ ಉಳಿಸಿಕೊಂಡಿದ್ದಾರೆಯೇ, ಪೈಪು ಟ್ಯಾಂಕಿನ ಬಾಯಿಗಿಂತ ಮೇಲಕ್ಕೆ ಹೋಗಿ ಬಳಸಿ ಇಳಿದಿದೆಯೇ, ತುದಿ ಸೈಲೆನ್ಸರಿನಿಂದ ದೂರವಿದೆಯೇ? ಈ ಮೂರಕ್ಕೂ ಹೌದೆನ್ನಿಸುವ ಕೆಲಸ ಅಪರೂಪ. ರೇಸಿಗೆ ಕಾರು ಕಟ್ಟುವವರು ಮಾತ್ರ ಇದನ್ನು ಶಿಸ್ತಾಗಿ ಮಾಡುತ್ತಾರೆ, ಅಲ್ಲಿ ತಪಾಸಣೆ ಮಾಡದೆ ಟ್ರ್ಯಾಕಿಗೆ ಬಿಡುವುದಿಲ್ಲ.

"ಅಂಬಾಸಡರಿಗೆ, ಪದ್ಮಿನಿಗೆ ಯಾವ ಡಬ್ಬಿ ಇತ್ತು?" ಎಂಬುದು ಇಲ್ಲಿ ಬರುವ ಸಿದ್ಧ ಪ್ರಶ್ನೆ. ಆಯುಷ್ಯದ ಬಹುಪಾಲು ಇರಲಿಲ್ಲ, ನಿಜ. ಆ ಕಾರುಗಳ ಹಿಂದಿನ ಸೀಟಿನಲ್ಲಿ ಕೂತು ಮಡಿಕೇರಿಗೋ ಶೃಂಗೇರಿಗೋ ಹೋದವರಿಗೆ ವಾಂತಿ ಬರಿಸಿದ್ದು ತಿರುವು ಮಾತ್ರವೇ ಅಲ್ಲ. ಅಂದು ಆ ಕಾರು ನಿಲ್ಲುತ್ತಿದ್ದದ್ದು ತೆಂಗಿನ ಗರಿಯ ಚಪ್ಪರದಡಿ, ಬಯಲಲ್ಲಿ. ಇಂದು ಬೆಂಗಳೂರಿನ 30×40 ಸೈಟಿನ ಮನೆಯಲ್ಲಿ ಕಾರು ನಿಲ್ಲುವುದು ಮಲಗುವ ಕೋಣೆಯ ಕೆಳಗಿನ ಪೋರ್ಟಿಕೋದಲ್ಲಿ, ಗೇಟಿಗೂ ಮೆಟ್ಟಿಲಿಗೂ ನಡುವೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನ ಆಸುಪಾಸು ಸೇರಿದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಪೋರ್ಟಿಕೋದಲ್ಲೇ ಸಂಪಿನ ಮುಚ್ಚಳ, ಪಂಪಿನ ಸ್ವಿಚ್ಚು. ಗೋಡೆಯಾಚೆ ಯುಟಿಲಿಟಿಯಲ್ಲಿ ನಲ್ಲಿ ತಿರುಗಿಸಿದರೆ ತಾನೇ ಕಿಡಿ ಹಾರಿಸಿಕೊಳ್ಳುವ ಗ್ಯಾಸ್ ಗೀಸರ್. ಪ್ರತಿ ಕಾರೂ ಹೊತ್ತಿಕೊಳ್ಳುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ, ಹಾಗೆ ಆಗುವುದೂ ಇಲ್ಲ. ಏನೂ ಲಾಭವಿಲ್ಲದ ಕೆಲಸಕ್ಕೆ ಇಷ್ಟು ಅಪಾಯವಾದರೂ ಯಾಕೆ ಎಂಬುದಷ್ಟೇ ಪ್ರಶ್ನೆ. ಹೊತ್ತಿಕೊಳ್ಳದಿದ್ದರೂ ಉಸಿರಿಗೆ ಸೇರುವುದು ತಪ್ಪುವುದಿಲ್ಲ. ನಮ್ಮ ಪೆಟ್ರೋಲಿನಲ್ಲಿ ಶೇಕಡ 1ರವರೆಗೆ ಬೆಂಜೀನ್ ಇರಲು ಅವಕಾಶವಿದೆ, ಅದು ಕ್ಯಾನ್ಸರ್ ತರುವ ವಸ್ತು.

ಇಷ್ಟಾದರೂ ಈ ಕೆಲಸ ಸಲೀಸಾಗಿ ನಡೆಯುವುದಕ್ಕೆ ನಮ್ಮ ಎಮಿಷನ್ ಟೆಸ್ಟಿನ ಕೊಡುಗೆಯೂ ಇದೆ. ಸೈಲೆನ್ಸರಿಗೆ ಕಡ್ಡಿ ತೂರಿಸಿ ಐಡ್ಲಿಂಗಿನಲ್ಲಿ ಪೆಟ್ರೋಲ್ ಗಾಡಿಯ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ, ಡೀಸೆಲಾದರೆ ಹೊಗೆ ಎಷ್ಟು ದಟ್ಟ ಎಂದು ನೋಡುತ್ತಾರೆ. ನೈಟ್ರೋಜನ್ ಆಕ್ಸೈಡ್ ಅಳೆಯುವುದಿಲ್ಲವಾದ್ದರಿಂದ ಇಜಿಆರ್‌ನ ಬಿಲ್ಲೆ ಕಾಣುವುದಿಲ್ಲ. ಟ್ಯಾಂಕಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಹೊಸ ಮಾದರಿಗೆ ಒಪ್ಪಿಗೆ ಕೊಡುವ ಮೊದಲು ಇಡೀ ಕಾರನ್ನು ಗಾಳಿಯಾಡದ ಕೋಣೆಯಲ್ಲಿಟ್ಟು ಎಷ್ಟು ಆವಿ ಸೋರಿತೆಂದು ತೂಗುತ್ತಾರೆ, ಬಿಎಸ್ 4 ಕಾರಿಗೆ ಮಿತಿ ಪರೀಕ್ಷೆಗೆ 2 ಗ್ರಾಂ. ಅಷ್ಟು ಬಿಗಿಯಾಗಿ ಹುಟ್ಟಿದ ಕಾರಿನ ಆವಿಯನ್ನು ರಸ್ತೆಗಿಳಿದ ಮೇಲೆ ಯಾರೂ ಕೇಳುವುದಿಲ್ಲ. ಕಾಗದದ ಮೇಲೆ ಕಾನೂನು ಗಟ್ಟಿಯಾಗಿಯೇ ಇದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅಕ್ರಮವಾಗಿ ಮಾರ್ಪಡಿಸುವ ಮಾಲೀಕನಿಗೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದಿದೆ. ರಸ್ತೆಯಲ್ಲಿ ಹಿಡಿಯುವುದು ಮಾತ್ರ ಸದ್ದು ಮಾಡುವ ಸೈಲೆನ್ಸರನ್ನು. ಆವಿಗೆ ಸದ್ದಿಲ್ಲ.

ಈ ರೂಢಿಯ ಪರ ಗಟ್ಟಿ ವಾದ ಎಲ್ಲಾದರೂ ಇದ್ದರೆ ಅದು ಬಿಎಸ್ 6 ಡೀಸೆಲ್ ಮಾಲೀಕನ ಬಾಯಲ್ಲಿ. 2020ರ ನಂತರದ ಅವನ ಗಾಡಿಗೆ ಮಸಿ ಹಿಡಿಯುವ ಡಿಪಿಎಫ್ ಇದೆ. ಹಿಡಿದ ಮಸಿಯನ್ನು ಆಗಾಗ ಸುಟ್ಟುಕೊಳ್ಳಲು ಅದಕ್ಕೆ 600 ಡಿಗ್ರಿಯ ಹತ್ತಿರದ ಬಿಸಿ ಬೇಕು, ಅಂದರೆ ಹೆದ್ದಾರಿಯಲ್ಲಿ ಬಿಡುವಿಲ್ಲದ ಓಟ ಬೇಕು. ಮನೆಯಿಂದ ಆಫೀಸಿಗೆ ಸಿಲ್ಕ್ ಬೋರ್ಡ್ ದಾಟಿ ತೆವಳುವ ಗಾಡಿಗೆ ಆ ಯೋಗವೆಲ್ಲಿ? ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳಿಯುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಎಂಜಿನ್ ಶಕ್ತಿ ಕುಗ್ಗಿಸಿಕೊಂಡು ಕುಂಟುತ್ತದೆ. ಇಲ್ಲಿ ಸಾಮಾನಿಗೂ ಬಳಕೆಗೂ ಹೊಂದಿಕೆಯಿಲ್ಲ, ದೂರು ಸಾಚಾ. ಆದರೆ ಆ ದೂರು ಹೋಗಬೇಕಾದದ್ದು ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವನಿಗೆ ಡೀಸೆಲ್ ಗಾಡಿ ಮಾರಿದ ಶೋರೂಮಿಗೆ. ಫಿಲ್ಟರಿನ ಹೊಟ್ಟೆ ಸೀಳಿ, ಇಸಿಯು ರೀಮ್ಯಾಪ್ ಮಾಡಿಸಿ, ಆ ಮಸಿಯನ್ನು ಹಿಂದಿನ ಸ್ಕೂಟರಿನವರ ಮುಖಕ್ಕೆ ಬಿಡುವುದು ಅದರ ಪರಿಹಾರವಾಗುವುದಿಲ್ಲ. ಒಬ್ಬೊಬ್ಬರು ಮಾಡಿದ್ದು ಒಟ್ಟಾದರೆ ಎಷ್ಟಾಗುತ್ತದೆ ಎಂಬುದಕ್ಕೆ ಅಮೆರಿಕದ ಲೆಕ್ಕವಿದೆ. ಹಿಂದಿನ ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್ಕುಗಳಿಂದ ಇಂಥ ಸಾಮಾನು ಕಿತ್ತಿದ್ದಾರೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಆ ಟ್ರಕ್ಕುಗಳ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಹೊರಬೀಳುವ ನೈಟ್ರೋಜನ್ ಆಕ್ಸೈಡು 5,70,000 ಟನ್ನು.

"ದೊಡ್ಡ ಕಂಪನಿಗಳೇ ಮೋಸ ಮಾಡಲಿಲ್ಲವೇ?" ಎಂಬ ಮರುಪ್ರಶ್ನೆಗೂ ಆಧಾರವಿದೆ. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಹತೋಟಿಗೆ ತಂದು ರಸ್ತೆಯಲ್ಲಿ ಸಡಿಲಬಿಡುವ ಸಾಫ್ಟ್‌ವೇರನ್ನು ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದು 2015ರಲ್ಲಿ ಬಯಲಾಯಿತು. ಬಿಲ್ಲೆ ಹಾಕುವ ಗ್ಯಾರೇಜಿನವನು ಅದಕ್ಕಿಂತ ಪ್ರಾಮಾಣಿಕ ಎನ್ನಬಹುದು, ಕನಿಷ್ಠ ಗಿರಾಕಿಗೆ ಹೇಳಿಯೇ ಮಾಡುತ್ತಾನೆ. ಸಾಮಾನು ಕೆಲಸಕ್ಕೆ ಬಾರದ್ದು ಎಂಬುದಕ್ಕೆ ಮಾತ್ರ ಆ ಹಗರಣ ಸಾಕ್ಷಿಯಾಗುವುದಿಲ್ಲ.

ಅಮೆರಿಕದಲ್ಲಿ ಈಗ ಗಾಳಿ ಸ್ವಲ್ಪ ಬೇರೆ ಕಡೆ ಬೀಸುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಕಾರುಗಳಿಗೆ ಹೊಗೆ ತಪಾಸಣೆಯ ವಿನಾಯಿತಿ ಇದೆ. ಕಿತ್ತರೂ ಕೇಳಲು ತಪಾಸಣೆಯವರಿಲ್ಲದ ಆ ಕಾರುಗಳಿಗೇ ಮೂಲ ಗಾಳಿ ಪಂಪು ಹುಡುಕಿ ಗುಜರಿ ಅಂಗಡಿ ಸುತ್ತುವವರು ಹುಟ್ಟಿಕೊಂಡಿದ್ದಾರೆ. ಕಾರ್ಖಾನೆಯಿಂದ ಬಂದಂತೆಯೇ ಇದೆಯೇ ಎಂದು ಅಂಕ ಹಾಕುವ ಕಾರ್ವೆಟ್ ಕೂಟಗಳಲ್ಲಿ ಪಂಪಿಲ್ಲದ ಎಂಜಿನ್ನಿಗೆ ಅಂಕ ಕಡಿತ. ಇನ್ನು ಕೆಲವರು ಯಾವ ಕೂಟದ ಹಂಗೂ ಇಲ್ಲದೆ, 1960ರ ದಶಕದ ಕಾರುಗಳಿಗೆ, ಹುಟ್ಟಿನಿಂದ ಕ್ಯಾನಿಸ್ಟರೇ ಇಲ್ಲದವಕ್ಕೆ, ಬೇರೆ ಕಾರಿನದನ್ನು ತಂದು ಕೂರಿಸುತ್ತಾರೆ. ಗಾಳಿಯಾಡದ ಮುಚ್ಚಳ, ಒಂದು ರೋಲ್‌ಓವರ್ ವಾಲ್ವ್, ಡಬ್ಬಿಗೊಂದು ಬ್ರ್ಯಾಕೆಟ್ಟು, ಇನ್‌ಟೇಕಿಗೆ ಹೋಗುವ ಪೈಪಿಗೆ ಪರ್ಜ್ ವಾಲ್ವು. ಕೆಲಸ ಒಂದು ಭಾನುವಾರದ್ದು. ಯಾಕಪ್ಪ ಈ ಉಸಾಬರಿ ಎಂದು ಕೇಳಿದರೆ ಓಜೋನಿನ ಮಾತೂ ಆಡುವುದಿಲ್ಲ, ಕಾನೂನಿನ ಮಾತೂ ಆಡುವುದಿಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನಿಂದ ಅಡುಗೆಮನೆಗೆ ಪೆಟ್ರೋಲ್ ವಾಸನೆ ಬರುತ್ತಿತ್ತು, ಹೆಂಡತಿ ಬೈಯುತ್ತಿದ್ದಳು, ಈಗ ಬರುವುದಿಲ್ಲ ಎನ್ನುತ್ತಾರೆ.